ವಾಟ್ಸಾಪಿನಲ್ಲಿ ಬರೆಯುವ ಬಗೆ: ಮನೆವಾರ್ತೆಗೂ ಮಾರಾಟಕ್ಕೂ



ಹಿಂದೆ ನಮ್ಮ ಹಳ್ಳಿಗಳಿಗೆ ದೂರದ ಸುದ್ದಿ ಬರುತ್ತಿದ್ದುದು ಅಂಚೆಯ ಕಾರ್ಡಿನ ಮೂಲಕ. "ಇಲ್ಲಿ ನಾವೆಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಕಾಗದ ಬರೆಯುವುದು" ಎಂದು ಮೊದಲಾಗಿ, ಹೇಳಬೇಕಾದ ವಿಷಯ ನಾಲ್ಕು ಸಾಲಿನಲ್ಲಿ ಮುಗಿಯುತ್ತಿತ್ತು. ಕಾರ್ಡಿನಲ್ಲಿ ಜಾಗ ಕಡಿಮೆ. ಉತ್ತರ ಬರಲು ವಾರ ಬೇಕು. ಆದ್ದರಿಂದ ಬರೆಯುವವರು ಯೋಚಿಸಿ ಬರೆಯುತ್ತಿದ್ದರು. ಊರು, ತಾರೀಖು, ಬರೆದವರ ಹೆಸರು ತಪ್ಪುತ್ತಿರಲಿಲ್ಲ.

ಈಗ ಕೈಯಲ್ಲಿ ಫೋನು ಇದೆ, ಅದರಲ್ಲಿ ವಾಟ್ಸಾಪ್ ಇದೆ. ಜಾಗಕ್ಕೆ ಮಿತಿಯಿಲ್ಲ, ಉತ್ತರ ಕ್ಷಣದಲ್ಲಿ ಬರುತ್ತದೆ. ಬೆಂಗಳೂರಿನಲ್ಲಿರುವ ಮಗನಿಗೂ ಮಂಡಿಯ ವರ್ತಕರಿಗೂ ಒಂದೇ ಬೆರಳಿನಲ್ಲಿ ಸುದ್ದಿ ಮುಟ್ಟಿಸಬಹುದು. ಆದರೆ ಬರೆಯುವುದು ಸುಲಭವಾದಷ್ಟೂ ಯೋಚನೆ ಕಡಿಮೆಯಾಗಿದೆ. ಫಸಲು ಮಾರಲು ಬರೆದ ಸಂದೇಶದಲ್ಲಿ ಧಾರಣೆಯೇ ಇರುವುದಿಲ್ಲ. ಯಾರು ಬರೆದದ್ದೆಂದು ತಿಳಿಯದ ಸುದ್ದಿಯನ್ನು ಹತ್ತು ಮಂದಿಗೆ ಕಳುಹಿಸಿಬಿಡುತ್ತೇವೆ. ಮೊದಲನೆಯದರಿಂದ ಹಣ ನಷ್ಟ. ಎರಡನೆಯದರಿಂದ ಪ್ರಾಣವೇ ಹೋದದ್ದುಂಟು.

ಆದ್ದರಿಂದ ಈ ಪಾಠದಲ್ಲಿ ಕಲಿಯಬೇಕಾದ ಮಾತು ಇಷ್ಟೆ: ಓದಿದವರು ಮುಂದೇನು ಮಾಡಬೇಕೆಂಬುದು ಸಂದೇಶದಲ್ಲಿ ಪೂರ್ತಿಯಾಗಿ ಇರಬೇಕು, ಅದು ನಿಜವೆಂಬುದಕ್ಕೆ ಕಳುಹಿಸಿದವರೇ ಹೊಣೆಯಾಗಬೇಕು.

೧. ಮಾರಾಟದ ಸಂದೇಶ

ಒಬ್ಬ ರೈತರು ಬಾಳೆ ಬೆಳೆದಿದ್ದಾರೆಂದು ಇಟ್ಟುಕೊಳ್ಳೋಣ. ಅವರು "ಬಾಳೆ ಇದೆ, ಬೇಕಾದವರು ಫೋನ್ ಮಾಡಿ" ಎಂದು ಬರೆಯುತ್ತಾರೆ. ಇದನ್ನು ನೋಡಿದ ವರ್ತಕರು ಯಾವ ಜಾತಿಯ ಬಾಳೆ, ಎಷ್ಟು, ಎಲ್ಲಿ, ಎಂದು ಕಡಿಯುವುದು ಎಂದು ಒಂದೊಂದನ್ನೂ ಕೇಳಬೇಕು. ಕೇಳಲು ಅವರಿಗೆ ಬಿಡುವಿಲ್ಲ. ಪೂರ್ತಿ ವಿವರ ಕೊಟ್ಟ ಬೇರೊಬ್ಬರ ತೋಟಕ್ಕೆ ಅವರ ಲಾರಿ ಹೋಗುತ್ತದೆ.

ಅದೇ ರೈತರು ಹೀಗೆ ಬರೆಯಬಹುದಾಗಿತ್ತು:

"ನಮಸ್ಕಾರ ಸ್ವಾಮಿ. ಏಲಕ್ಕಿ ಬಾಳೆ, ಸುಮಾರು ೧೨೦ ಗೊನೆ. ಗೊನೆಯೊಂದಕ್ಕೆ ೮ರಿಂದ ೧೦ ಕೆ.ಜಿ. ಬಲಿತ ಕಾಯಿ, ಇನ್ನೂ ಹಣ್ಣಾಗಿಲ್ಲ. ಕಡಿಯುವುದು ಸೋಮವಾರ, ೧೪ನೇ ತಾರೀಖು ಬೆಳಿಗ್ಗೆ. ತೋಟದಲ್ಲೇ ತೂಕ. ಕೆ.ಜಿ.ಗೆ ೪೦ ರೂಪಾಯಿ ಕೇಳುತ್ತೇವೆ; ಲಾರಿ ಬಾಡಿಗೆ ತಮ್ಮದು. ಲಾರಿ ತೋಟದ ಬದುವಿನವರೆಗೆ ಬರುತ್ತದೆ. ತೂಕವಾದ ದಿನವೇ ಹಣ ಕೊಡಬೇಕು. ಶನಿವಾರ, ೧೨ನೇ ತಾರೀಖು ಸಂಜೆಯೊಳಗೆ ತಿಳಿಸಿರಿ." ಕೊನೆಗೆ ಹೆಸರು, ಊರು, ಫೋನ್ ನಂಬರು.

ಇಲ್ಲಿ ಹೆಚ್ಚಿನ ಮಾತಿಲ್ಲ, ಕಡಿಮೆಯೂ ಇಲ್ಲ. ಜಾತಿ, ಪ್ರಮಾಣ, ಗುಣ, ದಿನ, ಸ್ಥಳ, ಧಾರಣೆ, ಹಣದ ಕರಾರು ಈ ಏಳೂ ಇವೆ. ಇವುಗಳಲ್ಲಿ ಒಂದು ಬಿಟ್ಟರೂ ಜಗಳಕ್ಕೆ ಬಾಗಿಲು ತೆರೆದಂತೆ. ಲಾರಿ ಬಾಡಿಗೆ ಯಾರದೆಂದು ಮೊದಲೇ ಬರೆಯದೆ, ಲಾರಿ ತುಂಬಿದ ಮೇಲೆ ಚರ್ಚೆ ಮಾಡಿ ನಷ್ಟಪಟ್ಟವರು ಪ್ರತಿ ಊರಿನಲ್ಲೂ ಇದ್ದಾರೆ.

ಇನ್ನೊಂದು ಮಾತು. "ನಾಳೆ ಕಡಿಯುತ್ತೇವೆ" ಎಂದು ಬರೆಯಬಾರದು. ನೀವು ಇಂದು ಬರೆದದ್ದು ಕೈಯಿಂದ ಕೈಗೆ ಹೋಗಿ ನಾಲ್ಕು ದಿನದ ಮೇಲೆ ಮತ್ತೊಬ್ಬರಿಗೆ ಮುಟ್ಟಬಹುದು. ಆಗ "ನಾಳೆ" ಎಂಬುದಕ್ಕೆ ಅರ್ಥವಿಲ್ಲ. ವಾರವನ್ನೂ ತಾರೀಖನ್ನೂ ಬರೆಯತಕ್ಕದ್ದು.

ಬರೆಯುವ ರೂಢಿ ಇಲ್ಲದವರು ಧ್ವನಿ ಸಂದೇಶ ಕಳುಹಿಸಬಹುದು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ತೂಕ, ಧಾರಣೆ, ತಾರೀಖು ಇವಿಷ್ಟನ್ನಾದರೂ ಅಕ್ಷರದಲ್ಲಿ ಹಾಕಿಸಬೇಕು. ಮನೆಯಲ್ಲಿ ಓದುವ ಮಕ್ಕಳಿದ್ದರೆ ಎರಡು ನಿಮಿಷದ ಕೆಲಸ. ಒಂದು ತಿಂಗಳ ನಂತರ ಲೆಕ್ಕ ನೋಡುವಾಗ ಬರೆದದ್ದು ಬೇಗ ಸಿಗುತ್ತದೆ. ಮಾತಿನ ಸಂದೇಶವಾದರೆ ಒಂದೊಂದನ್ನೂ ಕೇಳುತ್ತ ಕೂರಬೇಕು.

೨. ಚಿತ್ರ ತೆಗೆಯುವುದು

ಮಾಲಿನ ಚಿತ್ರವನ್ನು ಬೆಳಗಿನ ಬೆಳಕಿನಲ್ಲಿ ತೆಗೆಯಿರಿ. ಇಡೀ ರಾಶಿಯದು ಒಂದು, ಹತ್ತಿರದಿಂದ ಒಂದು ಸಾಕು. ಮೇಲೆ ಒಳ್ಳೆಯ ಕಾಯಿ ಇಟ್ಟು ಕೆಳಗಿನದನ್ನು ಮರೆಮಾಡಬೇಡಿರಿ. ಒಮ್ಮೆ ಮೋಸಹೋದ ವರ್ತಕರು ಮತ್ತೆ ನಿಮ್ಮ ಚಿತ್ರವನ್ನು ನಂಬುವುದಿಲ್ಲ. ಕಳೆದ ವರ್ಷದ ಫಸಲಿನ ಚಿತ್ರವನ್ನು ಈ ವರ್ಷ ಕಳುಹಿಸುವುದೂ ಮೋಸವೇ.

ರೋಗ ಅಥವಾ ಕೀಟದ ವಿಷಯ ಕೇಳುವುದಕ್ಕೆ ಚಿತ್ರ ಬಹಳ ಉಪಯುಕ್ತ. ೨೦೧೮ರ ಮೇ ತಿಂಗಳಲ್ಲಿ ಭಾರತದಲ್ಲೇ ಮೊದಲು ಶಿವಮೊಗ್ಗದ ಮುಸುಕಿನ ಜೋಳದ ಹೊಲಗಳಲ್ಲಿ ಒಂದು ಹೊಸ ಸೈನಿಕ ಹುಳು ಕಾಣಿಸಿಕೊಂಡಿತು. ಇಂಗ್ಲಿಷಿನಲ್ಲಿ ಅದಕ್ಕೆ ಫಾಲ್ ಆರ್ಮಿವರ್ಮ್ ಎಂದು ಹೆಸರು. ಅದನ್ನು ಬೇರೆ ಹುಳುಗಳಿಂದ ಗುರುತಿಸುವುದು ಎರಡು ಚಿಹ್ನೆಗಳಿಂದ: ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರದಂಥ ಗೆರೆ, ಬಾಲದ ಹತ್ತಿರ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ. ಎದೆಯ ಎತ್ತರದಿಂದ ತೆಗೆದ ಮಸುಕು ಚಿತ್ರದಲ್ಲಿ ಇವೆರಡೂ ಕಾಣುವುದಿಲ್ಲ. ಆದ್ದರಿಂದ ಹೊಲದ್ದು ಒಂದು, ಗಿಡದ್ದು ಒಂದು, ಹುಳು ಅಥವಾ ಎಲೆಯ ಮೇಲ್ಭಾಗ ಮತ್ತು ಕೆಳಭಾಗದ್ದು ಹತ್ತಿರದಿಂದ ಒಂದೊಂದು ತೆಗೆದು ಕಳುಹಿಸಿರಿ. ಬಿತ್ತಿದ ತಾರೀಖು, ತಳಿ, ಈಗಾಗಲೇ ಹೊಡೆದ ಔಷಧಿ ಇವನ್ನೂ ತಿಳಿಸಿರಿ.

ಇಂಥ ಪ್ರಶ್ನೆಯನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಅಥವಾ ಕೃಷಿ ವಿಜ್ಞಾನ ಕೇಂದ್ರಕ್ಕೆ ಕೇಳುವುದು ಸರಿಯಾದ ದಾರಿ. ಗುಂಪಿನಲ್ಲಿ ಹಾಕಿದರೆ ಹತ್ತು ಮಂದಿ ಹತ್ತು ಔಷಧಿ ಹೇಳುತ್ತಾರೆ, ಹತ್ತನ್ನೂ ಹೊಡೆಯಲಾಗುವುದಿಲ್ಲ. ಕಿಸಾನ್ ಕಾಲ್ ಸೆಂಟರಿನ ೧೮೦೦-೧೮೦-೧೫೫೧ ನಂಬರಿಗೆ ಕರೆ ಮಾಡಿ ಕನ್ನಡದಲ್ಲೇ ಕೇಳಬಹುದು, ಕರೆಗೆ ಹಣವಿಲ್ಲ.

೩. ಯಾರಿಗೆ ಕಳುಹಿಸಬೇಕು?

ಮದುವೆಯ ಕರೆಯೋಲೆಯನ್ನು ಸಂತೆಯಲ್ಲಿ ಹಂಚುವುದಿಲ್ಲ. ಹಾಗೆಯೇ ಪ್ರತಿ ಸಂದೇಶಕ್ಕೂ ತಕ್ಕ ಜಾಗವಿದೆ. ಒಬ್ಬರಿಗೆ ಸಂಬಂಧಿಸಿದ್ದನ್ನು ಅವರೊಬ್ಬರಿಗೇ ಬರೆಯಿರಿ. ಅನೇಕ ಗಿರಾಕಿಗಳಿಗೆ ಒಂದೇ ಧಾರಣೆ ತಿಳಿಸಬೇಕಾದರೆ "ಬ್ರಾಡ್‌ಕಾಸ್ಟ್" ಪಟ್ಟಿ ಮಾಡಿರಿ. ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಮುಟ್ಟುತ್ತದೆ, ಒಬ್ಬರ ಉತ್ತರ ಇನ್ನೊಬ್ಬರಿಗೆ ಕಾಣದು. ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಬರೆದಿಟ್ಟುಕೊಂಡವರಿಗೆ ಮಾತ್ರ ಅದು ಹೋಗುತ್ತದೆ. ಆದ್ದರಿಂದ ಗಿರಾಕಿಗಳಿಗೆ ಮೊದಲೇ ಹೇಳಿ ನಂಬರು ಸೇರಿಸಿಕೊಳ್ಳಿಸಬೇಕು. "ಸ್ಟೇಟಸ್" ಎಂಬಲ್ಲಿ ಹಾಕಿದ್ದು ೨೪ ಗಂಟೆ ಮಾತ್ರ ಉಳಿಯುತ್ತದೆ. ಅಂದಂದಿನ ತರಕಾರಿ ಮಾರುವವರಿಗೆ ಇದು ಅನುಕೂಲ.

ವ್ಯಾಪಾರ ಹೆಚ್ಚಾಗಿದ್ದರೆ "ವಾಟ್ಸಾಪ್ ಬಿಸಿನೆಸ್" ಎಂಬ ಬೇರೆ ಆ್ಯಪ್ ಇದೆ. ಅದು ೨೦೧೮ರಲ್ಲಿ ಬಂದದ್ದು. ಮಾಲಿನ ಪಟ್ಟಿ, ಧಾರಣೆ, ವ್ಯಾಪಾರದ ವೇಳೆ ಇವನ್ನು ಅದರಲ್ಲಿ ಬರೆದಿಡಬಹುದು. ಇದಕ್ಕೆ ಬೇರೊಂದು ನಂಬರು ಇಟ್ಟುಕೊಂಡರೆ ಮನೆಯ ಮಾತು, ವ್ಯಾಪಾರದ ಮಾತು ಬೆರೆಯುವುದಿಲ್ಲ.

ಗುಂಪು ಮಾಡುವಾಗ ಒಂದು ಗುಂಪಿಗೆ ಒಂದೇ ಉದ್ದೇಶವಿರಲಿ. ಹಾಲು ಉತ್ಪಾದಕರ ಗುಂಪಿನಲ್ಲಿ ಚುನಾವಣೆಯ ಚರ್ಚೆ, ದಿನಬೆಳಗಾದರೆ ಶುಭೋದಯದ ಹೂವಿನ ಚಿತ್ರ ಬಂದರೆ, ಹಾಲಿನ ಗಾಡಿ ತಡವಾಗುತ್ತದೆಂಬ ಸುದ್ದಿ ಅದರಡಿ ಹೂತುಹೋಗುತ್ತದೆ.

ಸರಿಯಾಗಿ ನಡೆಸಿದ ಗುಂಪಿನಿಂದ ಎಷ್ಟು ಕೆಲಸವಾಗಬಹುದೆಂಬುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆಯಿದೆ. ೨೦೨೧ರಲ್ಲಿ ಕೊರೋನಾ ಕಾಲದಲ್ಲಿ ಬಾಳೆಯ ಧಾರಣೆ ಕುಸಿಯಿತು. ಆಗ ಬಾಳೆಕಾಯಿಯನ್ನು ಹೆಚ್ಚಿ, ಒಣಗಿಸಿ, ಹುಡಿ ಮಾಡಿ ಇಡುವ ವಿಚಾರವನ್ನು "ಅಡಿಕೆ ಪತ್ರಿಕೆ"ಯ ಶ್ರೀಪಡ್ರೆಯವರು ಮತ್ತು ಅವರ ಜೊತೆಗಾರರು ವಾಟ್ಸಾಪ್ ಗುಂಪಿನ ಮೂಲಕ ಹರಡಿದರು. ಬಾಳೆಕಾಯಿ ಹುಡಿಗೆ "ಬಾಕಾಹು" ಎಂಬ ಚಿಕ್ಕ ಹೆಸರೂ ಬಂದಿತು. ಮನೆಮನೆಯ ಹೆಂಗಸರು ಮಾಡಿ ನೋಡಿದರು. ದೋಸೆ, ಗುಲಾಬ್ ಜಾಮೂನು ಮಾಡಿ ಚಿತ್ರ ಹಾಕಿದರು. ಅದೇ ವರ್ಷ ಜುಲೈ ತಿಂಗಳ "ಮನ್ ಕಿ ಬಾತ್" ಭಾಷಣದಲ್ಲಿ ಪ್ರಧಾನಮಂತ್ರಿಗಳು ಉತ್ತರ ಕನ್ನಡ ಮತ್ತು ದಕ್ಷಿಣ ಕನ್ನಡದ ಹೆಂಗಸರ ಈ ಕೆಲಸವನ್ನು ಹೆಸರಿಸಿದರು. ಆ ಗುಂಪಿನವರು ಬರಿಯ ಹೊಗಳಿಕೆ ಹಂಚಿಕೊಳ್ಳಲಿಲ್ಲ. ತಾವು ಮಾಡಿ ನೋಡಿದ್ದನ್ನು ಹಂಚಿಕೊಂಡರು ಎಂಬುದನ್ನು ಗಮನಿಸಬೇಕು.

೪. ಹಣದ ವಿಷಯದಲ್ಲಿ ಎಚ್ಚರಿಕೆ

ಮಾತು ಕುದುರಿದ ಮೇಲೆ ಕರಾರನ್ನು ಒಮ್ಮೆ ಬರೆದು ಕಳುಹಿಸಿ, "ಒಪ್ಪಿದೆ" ಎಂಬ ಉತ್ತರ ತರಿಸಿಕೊಳ್ಳಿರಿ. ಹಳಬರಾದರೂ ಸರಿಯೇ, ಇದು ಅಪನಂಬಿಕೆಯಲ್ಲ, ಲೆಕ್ಕ.

"ಹಣ ಹಾಕಿದ್ದೇನೆ" ಎಂದು ಕಳುಹಿಸಿದ ಚಿತ್ರವನ್ನು ನಂಬಿ ಮಾಲು ಬಿಡಬೇಡಿರಿ. ಅಂಥ ಚಿತ್ರವನ್ನು ಯಾರು ಬೇಕಾದರೂ ತಯಾರಿಸಬಹುದು. ನಿಮ್ಮ ಬ್ಯಾಂಕಿನ ಖಾತೆಯಲ್ಲಿ ಹಣ ಬಂದಿದೆಯೇ ಎಂದು ನೋಡಿರಿ. ಯು.ಪಿ.ಐ. ಪಿನ್ ಒತ್ತಬೇಕಾಗುವುದು ನಾವು ಹಣ ಕೊಡುವಾಗ. ಹಣ ಪಡೆಯುವುದಕ್ಕೆ ಪಿನ್ ಬೇಕಿಲ್ಲ. "ನಿಮಗೆ ಹಣ ಬರಲು ಪಿನ್ ಒತ್ತಿರಿ" ಎಂದವನು ಕಳ್ಳ.

ಸರ್ಕಾರದ ಯೋಜನೆಯ ಹೆಸರಿನಲ್ಲಿ "ಎ.ಪಿ.ಕೆ." ಎಂದು ಕೊನೆಯಾಗುವ ಕಡತಗಳು ಬರುತ್ತವೆ. ಪಿ.ಎಂ. ಕಿಸಾನ್ ಹೆಸರಿನಲ್ಲೂ ಇಂಥವು ಬಂದಿವೆ. ಅವನ್ನು ಒತ್ತಿದರೆ ಫೋನು ಕಳ್ಳರ ವಶವಾಗಬಹುದು, ಒತ್ತದೆ ಅಳಿಸಿಬಿಡಿರಿ. ಮೋಸವಾಯಿತೆಂದು ತಿಳಿದೊಡನೆ ನಾಚಿಕೆಪಡದೆ ೧೯೩೦ ನಂಬರಿಗೆ ಕರೆ ಮಾಡಬೇಕು. ಎಷ್ಟು ಬೇಗ ತಿಳಿಸಿದರೆ ಹಣ ತಡೆಹಿಡಿಯುವ ಸಂಭವ ಅಷ್ಟು ಹೆಚ್ಚು.

೫. ಮನೆವಾರ್ತೆ

ಸಾವು, ಅಪಘಾತ, ಆಸ್ಪತ್ರೆ ಇಂಥ ಸುದ್ದಿಯನ್ನು ಹತ್ತಿರದವರಿಗೆ ಕರೆ ಮಾಡಿ ಹೇಳಬೇಕು. ಗಂಡನ ಮನೆಯಲ್ಲಿರುವ ಮಗಳು ತಂದೆಯ ಕಾಯಿಲೆಯನ್ನು ಗುಂಪಿನಲ್ಲಿ ಓದಿ ತಿಳಿಯುವಂತಾಗಬಾರದು.

ಆಧಾರ್ ಕಾರ್ಡು, ಪಹಣಿ, ಬ್ಯಾಂಕಿನ ಪುಸ್ತಕ ಇವುಗಳ ಚಿತ್ರವನ್ನು ಗುಂಪಿನಲ್ಲಿ ಹಾಕಬಾರದು. "ಎಲ್ಲರೂ ತಿರುಪತಿಗೆ ಹೊರಟಿದ್ದೇವೆ" ಎಂದು ಹಾಕಿದರೆ ಮನೆಗೆ ಬೀಗವಿದೆಯೆಂದು ಸಾರಿದಂತೆಯೇ. ಹೋಗಿಬಂದ ಮೇಲೆ ಚಿತ್ರ ಹಾಕಿರಿ.

"ಅಪ್ಪಾ, ಇದು ನನ್ನ ಹೊಸ ನಂಬರು, ತುರ್ತಾಗಿ ಹಣ ಬೇಕು" ಎಂದು ಬಂದರೆ ಮಗನ ಹಳೆಯ ನಂಬರಿಗೆ ಕರೆ ಮಾಡಿ ಧ್ವನಿ ಕೇಳಿರಿ. ಅನುಮಾನವಿದ್ದರೆ ಮನೆಯವರಿಗೆ ಮಾತ್ರ ತಿಳಿದ ಒಂದು ಮಾತು ಕೇಳಿರಿ. ಆಮೇಲೆ ಮುಂದಿನ ವಿಚಾರ.

ಅಣ್ಣತಮ್ಮಂದಿರ ಬದುವಿನ ಜಗಳವನ್ನು ಫೋನಿನಲ್ಲಿ ಬರೆದು ತೀರಿಸಲು ಹೋಗಬೇಡಿರಿ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ. ಬರೆದದ್ದನ್ನು ಅಳಿಸಿದರೂ ಓದಿದವರ ಮನಸ್ಸಿನಿಂದ ಅಳಿಸಲಾಗುವುದಿಲ್ಲ. ಜಗಲಿಯ ಮೇಲೆ ಎದುರುಬದುರು ಕುಳಿತು ಮಾತನಾಡುವುದೇ ಮೇಲು.

೬. ಗಾಳಿಸುದ್ದಿ

೨೦೧೮ರಲ್ಲಿ ದೇಶದ ಅನೇಕ ಕಡೆ "ಮಕ್ಕಳ ಕಳ್ಳರು ಬಂದಿದ್ದಾರೆ" ಎಂಬ ಸುಳ್ಳು ವಾಟ್ಸಾಪಿನಲ್ಲಿ ಹಬ್ಬಿತು. ಆ ವರ್ಷ ಜುಲೈ ತಿಂಗಳಲ್ಲಿ ನಮ್ಮ ಬೀದರ್ ಜಿಲ್ಲೆಯಲ್ಲಿ, ಕಾರಿನಲ್ಲಿ ಬಂದ ಕೆಲವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟರೆಂಬುದೇ ಅನುಮಾನಕ್ಕೆ ಕಾರಣವಾಯಿತು. ಸುದ್ದಿ ಕಾರಿಗಿಂತ ಮುಂಚೆ ಮುಂದಿನ ಹಳ್ಳಿ ಮುಟ್ಟಿತು. ಅಲ್ಲಿ ದಾರಿ ಅಡ್ಡಗಟ್ಟಿದರು. ಗುಂಪು ಹೊಡೆದ ಹೊಡೆತಕ್ಕೆ ಒಬ್ಬ ತರುಣ ಸತ್ತರು, ಉಳಿದವರು ಗಾಯಗೊಂಡರು. ಅವರಲ್ಲಿ ಯಾರೂ ಕಳ್ಳರಲ್ಲ. ಹೊಡೆದವರೂ ನಮ್ಮಂಥ ಹಳ್ಳಿಯವರೇ, ತಮ್ಮ ಮಕ್ಕಳಿಗಾಗಿ ಹೆದರಿದವರೇ. ಸುದ್ದಿ ಮುಂದೆ ಕಳುಹಿಸಿದವರು ಕೈ ಎತ್ತಲಿಲ್ಲ, ನಿಜ. ಆದರೆ ಆ ಸಾವಿನಲ್ಲಿ ಅವರ ಬೆರಳೂ ಇದೆ.

ಇಂಥ ಘಟನೆಗಳ ನಂತರವೇ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚಿಗೆ ಮುಂದೂಡಲಾಗದಂತೆ ವಾಟ್ಸಾಪಿನವರು ಭಾರತದಲ್ಲಿ ಮಿತಿ ಹಾಕಿದರು. ಸಂದೇಶದ ಮೇಲೆ ಎರಡು ಬಾಣದ ಗುರುತಿದ್ದರೆ ಅದು ಅನೇಕ ಕೈ ದಾಟಿ ಬಂದದ್ದು. ೨೦೨೦ರಿಂದ ಅಂಥದನ್ನು ಒಮ್ಮೆಗೆ ಒಂದು ಕಡೆಗೆ ಮಾತ್ರ ಕಳುಹಿಸಬಹುದು. ಆ ಗುರುತು ಕಂಡಾಗ ಮೂರು ಪ್ರಶ್ನೆ ಕೇಳಿಕೊಳ್ಳಿರಿ: ಇದನ್ನು ಮೊದಲು ಬರೆದವರು ಯಾರು? ಎಲ್ಲಿ, ಎಂದು ನಡೆದದ್ದು? ಸುಳ್ಳಾದರೆ ಯಾರಿಗೆ ನೋವಾಗುತ್ತದೆ? ಉತ್ತರ ಸಿಗದಿದ್ದರೆ ಅಲ್ಲಿಗೇ ನಿಲ್ಲಿಸಿರಿ. ನಿಜವಾದ ಅಪಾಯವೆಂದು ತೋರಿದರೆ ೧೧೨ಕ್ಕೆ ಕರೆ ಮಾಡಿ ಪೊಲೀಸರಿಗೆ ತಿಳಿಸಿರಿ, ಗುಂಪಿಗಲ್ಲ.

ಈ ವಾರದ ಅಭ್ಯಾಸ

ನಿಮ್ಮ ಮನೆಯಲ್ಲಿ ಮಾರಾಟಕ್ಕಿರುವ ಒಂದು ವಸ್ತುವನ್ನು, ಅದು ಹತ್ತು ಸೇರು ಅವರೆಕಾಯಿಯಾದರೂ ಸರಿ, ಆರಿಸಿಕೊಳ್ಳಿರಿ. ಮೇಲೆ ಹೇಳಿದ ಏಳು ವಿಷಯ ಸೇರಿಸಿ ಸಂದೇಶ ಬರೆಯಿರಿ. ಕಳುಹಿಸುವ ಮೊದಲು ಪಕ್ಕದ ಮನೆಯವರಿಗೆ ಓದಿ ಹೇಳಿರಿ. ಅವರು ಒಂದು ಪ್ರಶ್ನೆಯನ್ನೂ ಕೇಳದಿದ್ದರೆ ಸಂದೇಶ ಪೂರ್ತಿಯಾಗಿದೆ. ಕೇಳಿದರೆ, ಅದರ ಉತ್ತರವನ್ನೂ ಸೇರಿಸಿ ಕಳುಹಿಸಿರಿ.