ಊರವರು ನೋಡಿಬಿಟ್ಟರೆ?

ಬೆಂಗಳೂರಿನಲ್ಲಿ ಲೈಂಗಿಕ ಅಲ್ಪಸಂಖ್ಯಾತರು ನಡೆಸುವ ‘ನಮ್ಮ ಪ್ರೈಡ್’ ಮೆರವಣಿಗೆಗೆ ಹೋಗಬೇಕೆಂದಿದ್ದೀರಿ. ನಿಮ್ಮ ಅಂಜಿಕೆ ಮೆರವಣಿಗೆಯದ್ದಲ್ಲ, ರೈಲಿನದ್ದು. ಮಾರಿಕುಪ್ಪಂ, ಬಂಗಾರಪೇಟೆಯಿಂದ ದಿನವೂ ಬೆಂಗಳೂರಿಗೆ ದುಡಿಯಲು ಹೋಗುವವರೆಲ್ಲ ಅದೇ ಬೋಗಿಯಲ್ಲಿ. ಕೆಜಿಎಫ್‌ನ ಗಣಿ ಲೈನು ಮನೆಗಳಲ್ಲಂತೂ ಗೋಡೆಗೂ ಕಿವಿ. ಆದರೆ ‘ನಮ್ಮ ಪ್ರೈಡ್’ ನಡೆಯುವುದು ಹೆಚ್ಚಾಗಿ ಭಾನುವಾರ, ಕೆಲಸದವರ ನೂಕುನುಗ್ಗಲು ಅಂದು ಕಡಿಮೆ. 2008ರಲ್ಲಿ ಶುರುವಾದಾಗ ಮುಖವಾಡ ತೊಟ್ಟು ನಡೆದವರಿದ್ದರು. ನೀವೂ ತೊಡಿ, ಅದು ಹೇಡಿತನವಲ್ಲ. ಬಣ್ಣದ ಅಂಗಿ ಚೀಲದಲ್ಲಿರಲಿ, ಅಲ್ಲಿಗೆ ಹೋದಮೇಲೆ ಹಾಕಿಕೊಂಡರಾಯಿತು. ಕ್ಯಾಮೆರಾ ಕಂಡರೆ ಪಕ್ಕಕ್ಕೆ ಸರಿಯಿರಿ.

ಪೊಲೀಸರು ಹಿಡಿದರೆ ಎಂದು ಕೇಳಿದ್ದೀರಿ. ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದೇ ಹೇಳಿದೆ. ಮೆರವಣಿಗೆ ನೋಡುವುದಂತೂ ಎಂದೂ ಅಪರಾಧವಾಗಿರಲಿಲ್ಲ. ಅಮ್ಮನಿಗೆ ಈಗಲೇ ಎಲ್ಲ ಹೇಳಬೇಕಿಲ್ಲ, “ಬೆಂಗಳೂರಿಗೆ ಹೋಗಿಬರ್ತೀನಮ್ಮಾ” ಸಾಕು. ವಾಪಸ್ ರೈಲಿನ ಸಮಯ ಮಾತ್ರ ಮೊದಲೇ ನೋಡಿಟ್ಟುಕೊಳ್ಳಿ.