ಮುಂದಿನ ಸಾಲನ್ನೂ ಓದು

ಚಿ॥ ಪುಟ್ಟಿಗೆ,


ನಿನ್ನ ಮೂಟ್ ಕೋರ್ಟ್ ವಾದದ ಕರಡು ಓದಿದೆ. ಮರಣದಂಡನೆ ಬೇಡವೆನ್ನುವ ನಿನ್ನ ಪಕ್ಷವೇ ನನ್ನದೂ. ಆದರೆ ಎರಡನೇ ಪುಟದಲ್ಲಿ ಪ್ರಾಚೀನ ಯೆಹೂದಿ ರಬ್ಬಿಗಳನ್ನು ನಿನ್ನ ಪರ ಕರೆತಂದು ನಿಲ್ಲಿಸಿದ್ದೀಯಲ್ಲ, ಅದು ನನಗೆ ಒಪ್ಪಿಗೆಯಾಗಲಿಲ್ಲ. ಎಪ್ಪತ್ತು ವರ್ಷಕ್ಕೊಬ್ಬನನ್ನು ಕೊಂದರೂ ಅದು ಘಾತುಕ ಸಭೆಯೆಂದು ಅವರು ಬಗೆದಿದ್ದರು, ಹೀಗಾಗಿ ಸುಮಾರು ಎರಡು ಸಾವಿರ ವರ್ಷ ಹಿಂದೆಯೇ ಅವರಲ್ಲಿ ಮರಣದಂಡನೆ ರದ್ದಾಗಿತ್ತು ಎಂದು ಬರೆದಿದ್ದೀಯ. ಇದೇ ಮಾತನ್ನು ಇದೇ ಕೆಲಸಕ್ಕೆ ಬಳಸುವವರು ಬೇರೆಯವರೂ ಇದ್ದಾರೆ. ಅದಕ್ಕೇ ಈ ಕಾಗದವನ್ನು ನಾಲ್ಕು ಜನ ಓದುವಂತೆ ಪತ್ರಿಕೆಗೆ ಕೊಡುತ್ತಿದ್ದೇನೆ.

ಆ ಮಾತು ಇರುವುದು ಮಿಶ್ನಾದಲ್ಲಿ. ಕ್ರಿ.ಶ. 200ರ ಸುಮಾರಿಗೆ ಗಲಿಲಾಯ ಪ್ರಾಂತ್ಯದಲ್ಲಿ ಸಂಕಲಿತವಾದ ಯೆಹೂದಿ ಧರ್ಮಶಾಸ್ತ್ರ ಗ್ರಂಥ ಅದು. ಅದರ ಮಕ್ಕೋತ್ ಎಂಬ ಭಾಗದ ಮೊದಲ ಅಧ್ಯಾಯದ ಕೊನೆಗೆ ಒಂದರ ಹಿಂದೊಂದು ನಾಲ್ಕು ದನಿಗಳಿವೆ. ಏಳು ವರ್ಷಕ್ಕೊಮ್ಮೆ ಕೊಲ್ಲುವ ಸನ್ಹೆಡ್ರಿನ್, ಅಂದರೆ ನ್ಯಾಯಸಭೆ, ಘಾತುಕ ಎನ್ನುತ್ತದೆ ಮೊದಲನೆಯದು. ಏಳಲ್ಲ, ಎಪ್ಪತ್ತು ಎನ್ನುತ್ತಾರೆ ಎಲಾಜಾರ್ ಬೆನ್ ಅಜರ್ಯ. ನಾವು ಆ ಸಭೆಯಲ್ಲಿ ಇದ್ದಿದ್ದರೆ ಯಾರೂ ಸಾಯುತ್ತಲೇ ಇರಲಿಲ್ಲ ಎನ್ನುತ್ತಾರೆ ಟಾರ್ಫೋನ್ ಮತ್ತು ಅಕೀವ. ನೀನು ಇಲ್ಲಿಗೆ ನಿಲ್ಲಿಸಿದ್ದೀಯ. ಮಿಶ್ನಾ ನಿಲ್ಲಿಸುವುದಿಲ್ಲ. ಹಾಗೆ ಮಾಡಿದ್ದರೆ ಇವರೇ ನಾಡಿನಲ್ಲಿ ಕೊಲೆಗಡುಕರನ್ನು ಹೆಚ್ಚಿಸುತ್ತಿದ್ದರು ಎಂದು ಶಿಮೋನ್ ಬೆನ್ ಗಮ್ಲಿಯೇಲ್ ತಿರುಗಿ ಬೀಳುತ್ತಾರೆ. ಕೊನೆಯ ಮಾತು ಅವರದೇ.

ಹಾಗೆಂದು ನಿನ್ನ ಹಿಡಿತ ಪೂರ್ತಿ ಸಡಿಲವೆಂದು ತಿಳಿಯಬೇಡ. ರಬ್ಬಿಗಳು ಕಟ್ಟಿದ ವಿಚಾರಣೆಯ ಕ್ರಮ ಅಷ್ಟು ಬಿಗಿ. ಇಬ್ಬರು ಸಾಕ್ಷಿಗಳು ಬೇಕೆಂಬುದು ಬೈಬಲ್ಲಿನ ಧರ್ಮೋಪದೇಶಕಾಂಡದಲ್ಲೇ ಇದೆ. ರಬ್ಬಿಗಳು ಅದರ ಮೇಲೆ, ಕೃತ್ಯಕ್ಕೆ ಮೊದಲು ಆರೋಪಿಗೆ ಎಚ್ಚರಿಕೆ ಕೊಟ್ಟಿರಬೇಕು, ಶಿಕ್ಷೆ ಗೊತ್ತಿದ್ದೇ ಅವನು ಕೈಯೆತ್ತಿರಬೇಕು ಎಂದರು. ಇಪ್ಪತ್ತಮೂರು ನ್ಯಾಯಾಧೀಶರು. ಸಾಕ್ಷಿಗೆ ಏಳು ಪ್ರಶ್ನೆ: ಯಾವ ಸಪ್ತವರ್ಷ ಚಕ್ರ, ಯಾವ ವರ್ಷ, ಯಾವ ತಿಂಗಳು, ಯಾವ ತಾರೀಕು, ಯಾವ ವಾರ, ಯಾವ ಹೊತ್ತು, ಯಾವ ಜಾಗ. ಆಮೇಲೆ ಪಾಟೀಸವಾಲು. ಬೆನ್ ಜಕ್ಕಾಯ್ ಎಂಬವರು ಅಂಜೂರದ ಕಾಯಿಯ ತೊಟ್ಟಿನವರೆಗೂ ಕೆದಕಿ ಕೇಳಿದ್ದರಂತೆ. ಖುಲಾಸೆಗೆ ಒಂದು ಮತದ ಅಂತರ ಸಾಕು, ಅವತ್ತೇ ಬಿಡಬಹುದು. ಶಿಕ್ಷೆಗೆ ಎರಡು ಮತದ ಅಂತರ ಬೇಕು, ತೀರ್ಪು ಮರುದಿನಕ್ಕೆ. ವಧಾಸ್ಥಾನಕ್ಕೆ ಒಯ್ಯುವಾಗಲೂ ನ್ಯಾಯಸಭೆಯ ಬಾಗಿಲಲ್ಲಿ ಬಟ್ಟೆ ಹಿಡಿದವನೊಬ್ಬ, ಅವನು ಕಾಣುವಷ್ಟು ದೂರದಲ್ಲಿ ಕುದುರೆ ಸವಾರನೊಬ್ಬ. ಯಾರಿಗಾದರೂ ಬಿಡುಗಡೆಯ ವಾದ ಹೊಳೆದರೆ ಬಟ್ಟೆ ಬೀಸಬೇಕು, ಸವಾರ ಓಡಿಹೋಗಿ ತಡೆಯಬೇಕು.

ನಮ್ಮ ಸಾಕ್ಷ್ಯ ಕಾನೂನು ಸಾಕ್ಷಿಗಳ ತಲೆ ಎಣಿಸುವುದಿಲ್ಲ, ಸಾಂದರ್ಭಿಕ ಸಾಕ್ಷ್ಯದ ಮೇಲೂ ಶಿಕ್ಷೆಯಾಗುತ್ತದೆ. ಅದನ್ನೇ ಓದಿ ಬೆಳೆದ ನಿನಗೆ ಪ್ರಾಚೀನ ಯೆಹೂದಿ ಪಂಡಿತ ಶಿಮೋನ್ ಬೆನ್ ಶೆಟಾಹ್ ಅವರ ಕಥೆ ವಿಚಿತ್ರವೆನಿಸೀತು. ಒಬ್ಬ ಇನ್ನೊಬ್ಬನನ್ನು ಪಾಳು ಕಟ್ಟಡದೊಳಗೆ ಅಟ್ಟಿಕೊಂಡು ಹೋದದ್ದನ್ನು ಅವರು ಕಂಡರು. ಹಿಂದೆಯೇ ಹೋದರೆ ಒಬ್ಬ ಸತ್ತು ಬಿದ್ದಿದ್ದಾನೆ, ಇನ್ನೊಬ್ಬನ ಕೈಯ ಕತ್ತಿಯಿಂದ ರಕ್ತ ತೊಟ್ಟಿಕ್ಕುತ್ತಿದೆ. ಆದರೂ ಹೊಡೆತ ಬಿದ್ದದ್ದನ್ನು ಕಣ್ಣಾರೆ ಕಂಡ ಇಬ್ಬರಿಲ್ಲದ ಕಾರಣ ಕಾನೂನಿನ ಕೈ ಕಟ್ಟಿತ್ತು.

ಸಾಕ್ಷಿಯ ಹೆಗಲಿಗೂ ಭಾರ ಕಡಿಮೆಯಿಲ್ಲ. ಸಾಯುವವನ ರಕ್ತ ಮಾತ್ರವಲ್ಲ, ಅವನಿಗೆ ಹುಟ್ಟಬಹುದಾಗಿದ್ದ ಸಂತತಿಯ ರಕ್ತವೂ ನಿನ್ನ ತಲೆಗೆ ಸುತ್ತಿಕೊಳ್ಳುತ್ತದೆ ಎಂದು, ಬೈಬಲ್ಲಿನಲ್ಲಿ ಅಣ್ಣ ತಮ್ಮನನ್ನು ಕೊಂದ ಕಾಯಿನ-ಹೇಬೆಲರ ಕಥೆ ಹೇಳಿ ಮೊದಲೇ ಎಚ್ಚರಿಸುತ್ತಿದ್ದರು. ಕಲ್ಲೆಸೆದು ಕೊಲ್ಲುವ ಶಿಕ್ಷೆಯಲ್ಲಿ ಅಪರಾಧಿಯನ್ನು ಮೇಲಿನಿಂದ ಮೊದಲು ನೂಕಬೇಕಾದವನು ಸಾಕ್ಷಿಯೇ. ಬೇರೆ ಇಬ್ಬರು ಬಂದು ‘ಆ ಹೊತ್ತಿಗೆ ನೀವು ನಮ್ಮ ಜೊತೆ ಬೇರೆ ಊರಲ್ಲಿದ್ದಿರಿ’ ಎಂದು ಸಾಬೀತು ಮಾಡಿದರೆ, ಆರೋಪಿಗೆ ಬಗೆದ ಶಿಕ್ಷೆ ಸಾಕ್ಷಿಗಳಿಗೇ. ಯಾವಾಗ ಎಂಬುದರಲ್ಲಿ ಯೆಹೂದಿ ಪಂಗಡಗಳ ನಡುವೆ ಜಗಳವಿತ್ತು. ಆರೋಪಿ ಸತ್ತ ಮೇಲಷ್ಟೇ ಸುಳ್ಳುಸಾಕ್ಷಿಗೆ ಸಾವು ಎಂದರು ಸದ್ದುಕಾಯರು. ತೀರ್ಪಾಗಿದ್ದರೆ ಸಾಕು, ಆರೋಪಿ ಇನ್ನೂ ಬದುಕಿರುವಾಗಲೇ ಅದು ನಡೆಯಬೇಕು ಎಂದರು ಫರಿಸಾಯರು.

ಈಗ ನಿನ್ನ ವಾದಕ್ಕೆ ಒಗ್ಗದ್ದನ್ನು ಹೇಳುತ್ತೇನೆ. ಇದೇ ಮಿಶ್ನಾದ ಸನ್ಹೆಡ್ರಿನ್ ಭಾಗದಲ್ಲಿ, ಸಾಕ್ಷಿಗಳಿಲ್ಲದೆ ಕೊಲೆ ಮಾಡಿದವನನ್ನು ಕೋಣೆಯಲ್ಲಿ ಕೂಡಿಹಾಕಿ ಅರೆಹೊಟ್ಟೆಯ ರೊಟ್ಟಿ ನೀರು ಕೊಡಬೇಕು ಎಂಬ ನಿಯಮವೂ ಇದೆ. ಎದುರು ಬಾಗಿಲಲ್ಲಿ ತಪ್ಪಿಸಿಕೊಂಡವನಿಗೆ ಹಿತ್ತಲಲ್ಲಿ ಕಾದಿದ್ದ ಶಿಕ್ಷೆ ಇದು.

ಇನ್ನೊಂದು ಸಂಗತಿ ಅದಕ್ಕಿಂತ ದೊಡ್ಡದು. ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯ ಕೆಡವುವುದಕ್ಕೆ ನಲವತ್ತು ವರ್ಷ ಮೊದಲೇ ಪ್ರಾಣದಂಡನೆಯ ಅಧಿಕಾರ ಯೆಹೂದಿಗಳ ಕೈತಪ್ಪಿತ್ತೆಂದು, ಮಿಶ್ನಾದ ಮೇಲೆ ಬೆಳೆದ ಚರ್ಚಾಗ್ರಂಥವಾದ ತಾಲ್ಮುಡ್ಡೇ ಹೇಳುತ್ತದೆ. ಮೂರನೇ ಶತಮಾನದ ಕ್ರೈಸ್ತ ವಿದ್ವಾಂಸ ಒರಿಗೆನ್, ಯೆಹೂದಿ ಮುಖಂಡನ ಬಳಿ ಗುಟ್ಟಾಗಿ ಅಂಥ ವಿಚಾರಣೆಗಳು ನಡೆಯುತ್ತಿದ್ದವೆಂದು ಒಂದು ಪತ್ರದಲ್ಲಿ ಬರೆದಿದ್ದಾನೆ, ನಿಜ. ಆದರೂ ಮಿಶ್ನಾದ ವಿವರಗಳು ಮುಖ್ಯವಾಗಿ ಅಧಿಕಾರ ಕಳೆದುಕೊಂಡವರು ಕುಳಿತು ರೂಪಿಸಿದ ಕಾನೂನು. ಕೊಲ್ಲುವ ಅಧಿಕಾರವೇ ಇಲ್ಲದವರು ಕೊಲ್ಲುವುದಿಲ್ಲವೆಂದರೆ ಅದನ್ನು ರದ್ದತಿ ಎನ್ನಲು ಬರುವುದಿಲ್ಲ. ಹಾಗಾದರೆ ಇಷ್ಟು ಶ್ರಮಪಟ್ಟು ಬರೆದದ್ದೇಕೆ? ಇತ್ತೀಚಿನ ವಿದ್ವಾಂಸರು ತಲೆಕೆಡಿಸಿಕೊಂಡಿರುವುದು ಇಲ್ಲಿಯೇ.

ಯಾಯಿರ್ ಲೋರ್ಬರ್‌ಬೌಮ್ ಉತ್ತರವನ್ನು ದೇವತಾಶಾಸ್ತ್ರದಲ್ಲಿ ಹುಡುಕುತ್ತಾರೆ. ಮನುಷ್ಯ ದೇವರ ಪ್ರತಿರೂಪ, ಅವನನ್ನು ಕೊಂದರೆ ದೇವರಿಗೇ ಕುಂದು. ದಹನಶಿಕ್ಷೆಯನ್ನು ಕೂಡ ರಬ್ಬಿಗಳು ದೇಹದ ಹೊರರೂಪ ಕೆಡದಂತೆ ಮಾರ್ಪಡಿಸಿದ್ದು ಅವರಿಗೊಂದು ಪುರಾವೆ. ಬೆತ್ ಬರ್ಕೊವಿಟ್ಜ್ 2006ರ ತಮ್ಮ ಪುಸ್ತಕದಲ್ಲಿ ಈ ‘ದಯಾಳು ರಬ್ಬಿ’ಯ ಚಿತ್ರವನ್ನೇ ಅನುಮಾನಿಸುತ್ತಾರೆ. ಅದರಲ್ಲಿ ಇಂದಿನ ಮರಣದಂಡನೆ ಚರ್ಚೆಯ ನೆರಳು ಬಿದ್ದಿದೆ, ರೋಮನ್ ಆಳ್ವಿಕೆಯಡಿ ವಧೆಯ ವಿಧಿಗಳನ್ನು ವಿವರಿಸುತ್ತ ರಬ್ಬಿಗಳು ಕಟ್ಟುತ್ತಿದ್ದದ್ದು ತಮ್ಮ ಅಧಿಕಾರವನ್ನು ಎಂಬುದು ಅವರ ವಾದ. ದೆವೊರಾ ಸ್ಟೈನ್‌ಮೆಟ್ಜ್ 2008ರಲ್ಲಿ ಹಿಡಿದ ಎಳೆ ಇನ್ನೊಂದು. ಯೆಹೂದಿಗೆ ಇಬ್ಬರು ಸಾಕ್ಷಿ, ಎಚ್ಚರಿಕೆ ಎಲ್ಲ ಬೇಕು. ಉಳಿದ ಮನುಕುಲದವರಿಗೆ ಒಬ್ಬ ಸಾಕ್ಷಿ, ಒಬ್ಬ ನ್ಯಾಯಾಧೀಶ ಸಾಕು ಎನ್ನುತ್ತದೆ ತಾಲ್ಮುಡ್. ಬರೀ ದಯೆಯಾಗಿದ್ದರೆ ಈ ಭೇದ ಯಾಕೆ? ತಿಳಿದು ಆಜ್ಞೆ ಮೀರುವ ಸ್ವತಂತ್ರ ವ್ಯಕ್ತಿಯೇ ಆ ಶಿಕ್ಷೆಯ ಕೇಂದ್ರ ಎಂಬುದು ಅವರ ಓದು.

ಸಾಕ್ಷ್ಯದ ಬಗ್ಗೆಯೂ ಹೀಗೆಯೇ ಬೇರೆ ಬೇರೆ ಆಯ್ಕೆಗಳಿದ್ದವು. ಕೈರೋದ ಹಳೆಯ ಸಿನಗಾಗ್‌ನಲ್ಲಿ ಸಿಕ್ಕಿ 1910ರಲ್ಲಿ ಅಚ್ಚಾದ, ಮುಂದೆ ಮೃತ ಸಮುದ್ರದ ಗುಹೆಗಳಲ್ಲೂ ದೊರೆತ ‘ಡಮಾಸ್ಕಸ್ ದಸ್ತಾವೇಜು’ ಎಂಬ ಪ್ರಾಚೀನ ಯೆಹೂದಿ ಪಂಗಡವೊಂದರ ನಿಯಮಗ್ರಂಥ ನೋಡು. ಒಂಟಿ ಸಾಕ್ಷಿ ಕಂಡದ್ದನ್ನು ಪಂಗಡದ ಮೇಲ್ವಿಚಾರಕ ಬರೆದಿಟ್ಟುಕೊಳ್ಳುತ್ತಾನೆ. ಅದೇ ಮನುಷ್ಯ ಅದೇ ತಪ್ಪನ್ನು ಬೇರೊಬ್ಬನ ಎದುರು ಮತ್ತೆ ಮಾಡಿದರೆ ಸಾಕ್ಷ್ಯಗಳು ಕೂಡಿಕೊಳ್ಳುತ್ತವೆ. ರಬ್ಬಿಗಳು ಈ ದಾರಿ ಹಿಡಿಯಲಿಲ್ಲ. ಒಂದೇ ಕೃತ್ಯವನ್ನು ಇಬ್ಬರೂ ಕಂಡಿರಬೇಕೆಂಬುದು ಅವರು ಬೇಕೆಂದೇ ಆರಿಸಿಕೊಂಡ ನಿಯಮ.

ನಿನ್ನ ಅಡಿಟಿಪ್ಪಣಿಯಲ್ಲಿರುವ ಮಿರಾಂಡಾ ಪ್ರಕರಣಕ್ಕೂ ಇದೇ ಎಚ್ಚರ ಬೇಕು. 1966ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಪ್ರಕರಣದಲ್ಲಿ ಮಧ್ಯಯುಗದ ಯೆಹೂದಿ ಧರ್ಮಶಾಸ್ತ್ರಜ್ಞ ಮೈಮೊನಿಡೀಸ್‌ರನ್ನು ಉಲ್ಲೇಖಿಸಿದ್ದು ಹೌದು. ಆದರೆ ಆ ತೀರ್ಪು ಆರೋಪಿಯ ಸುಮ್ಮನಿರುವ ಹಕ್ಕನ್ನು ಕಾಯುತ್ತದೆ. ತಿಳಿದು, ಸ್ವಇಚ್ಛೆಯಿಂದ ಆಡಿದ ತಪ್ಪೊಪ್ಪಿಗೆ ಅಲ್ಲಿ ನಡೆಯುತ್ತದೆ. ರಬ್ಬಿಗಳ ಕಾನೂನಿನಲ್ಲಿ ಮನಸಾರೆ ಒಪ್ಪಿಕೊಂಡರೂ ಅದರ ಮೇಲೆ ಶಿಕ್ಷೆಯಿಲ್ಲ. ಬದುಕಿನಿಂದ ಬೇಸತ್ತವನು ಸಾಯಲೆಂದೇ ಒಪ್ಪಿಕೊಂಡಿರಬಹುದೆಂದು ಮೈಮೊನಿಡೀಸ್ ಶಂಕಿಸುತ್ತಾರೆ. ಎರಡನ್ನೂ ಒಂದೇ ಹಗ್ಗಕ್ಕೆ ಕಟ್ಟಬೇಡ.

ಹಾಗಾದರೆ ಆ ಪುಟವನ್ನು ಕಿತ್ತುಹಾಕಲೇ ಎನ್ನುತ್ತೀಯ. ಬೇಡ. ಮರಣದಂಡನೆ ರದ್ದಾಗಿತ್ತು ಎಂಬುದನ್ನು ಹೊಡೆದುಹಾಕಿ, ಅದನ್ನು ಧರ್ಮಗ್ರಂಥದಲ್ಲೇ ಹೊಂದಿದ್ದ ಜನ ಅದರ ಬಗ್ಗೆ ತಮ್ಮೊಳಗೇ ಜಗಳವಾಡಿದರು, ಆ ಜಗಳವನ್ನು ಮುಚ್ಚಿಡದೆ ದಾಖಲಿಸಿದರು ಎಂದು ಬರೆ. ಇದು ಸತ್ಯ, ಯಾರೂ ಇದನ್ನು ಅಲ್ಲಾಡಿಸಲಾರರು. ಮುಂದಿನ ಸಾಲನ್ನು ಎದುರು ಪಕ್ಷದವರು ಓದಿ ಬಂದೇ ಬರುತ್ತಾರೆ. ಅದಕ್ಕೆ ಮೊದಲು ಶಿಮೋನ್ ಬೆನ್ ಗಮ್ಲಿಯೇಲ್ ಅವರ ಆಕ್ಷೇಪವನ್ನು ನೀನೇ ಪೀಠದ ಮುಂದಿಡು. ಶಿಕ್ಷೆ ತಗ್ಗಿಸಿದರೆ ಕೊಲೆ ಹೆಚ್ಚುತ್ತದೆಯೇ ಎಂಬ ಅವರ ಪ್ರಶ್ನೆ ಇಂದಿಗೂ ಜೀವಂತ. ಅದಕ್ಕೆ ಉತ್ತರ ಕೊಡಲು ಅಕೀವ ಬರುವುದಿಲ್ಲ, ನೀನೇ ಕೊಡಬೇಕು. ನಿನ್ನ ವಾದ ಶುರುವಾಗಬೇಕಾದದ್ದು ಅಲ್ಲಿಂದ.

ತಿದ್ದಿದ ಕರಡನ್ನು ಕಳಿಸು. ಅಮ್ಮನಿಗೆ ನನ್ನ ನೆನಪು ಹೇಳು.

ಇಂತಿ ನಿನ್ನ,
ಸೋದರಮಾವ