ವಿಶ್ವವಿದ್ಯಾಲಯಕ್ಕೆ ದುಡ್ಡು, ತೆಂಗಿಗೆ ನೀರು

ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಅನುದಾನ ಕಡಿಮೆಯಾದರೆ ಓದು ಕೆಡುತ್ತಾ? ಆ ವರ್ಷ ನೋಡಿದರೆ ಇಲ್ಲ ಅನ್ಸುತ್ತೆ. ಪರೀಕ್ಷೆ ನಡೆಯುತ್ತೆ, ರಿಸಲ್ಟ್ ಬರುತ್ತೆ, ಘಟಿಕೋತ್ಸವವೂ ಆಗುತ್ತೆ.

ಆದರೆ ಚಿಕ್ಕನಾಯಕನಹಳ್ಳಿ, ತಿಪಟೂರು ಕಡೆ ತೋಟ ಇರುವವರಿಗೆ ಒಂದು ವಿಷಯ ಗೊತ್ತು. ಬರ ಬಂದ ವರ್ಷವೂ ತೆಂಗಿನ ಮರದಲ್ಲಿ ಕಾಯಿ ಇರುತ್ತೆ. ಇಳುವರಿ ಬೀಳೋದು ಆಮೇಲಿನ ವರ್ಷಗಳಲ್ಲಿ. ಹೊಂಬಾಳೆ ಮರದೊಳಗೆ ಮೂಡಿ, ಹೊರಗೆ ಬಂದು, ಕಾಯಿ ಬಲಿಯೋಕೆ ಮೂರು ವರ್ಷಕ್ಕಿಂತ ಹೆಚ್ಚು ಬೇಕು. ವಿಶ್ವವಿದ್ಯಾಲಯದ ಲೆಕ್ಕವೂ ಹೀಗೇ.

ದುಡ್ಡು ಎಲ್ಲಿಂದ ಬರುತ್ತೆ?

ಮುಖ್ಯವಾಗಿ ಮೂರು ದಾರಿ:
1. ರಾಜ್ಯ ಸರ್ಕಾರದ ಅನುದಾನ. ಇದರಲ್ಲಿ ದೊಡ್ಡ ಪಾಲು ಸಂಬಳ, ಪಿಂಚಣಿಗೆ ಹೋಗುತ್ತೆ.
2. ಸಂಯೋಜಿತ ಕಾಲೇಜುಗಳ ಶುಲ್ಕ. ತುಮಕೂರು ವಿವಿ 2004ರಲ್ಲಿ ಬೆಂಗಳೂರು ವಿವಿಯಿಂದ ಬೇರೆಯಾಯಿತು. ಚಿಕ್ಕನಾಯಕನಹಳ್ಳಿಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ವಿದ್ಯಾರ್ಥಿ ಕಟ್ಟುವ ಪರೀಕ್ಷಾ ಶುಲ್ಕವೂ ಅದರ ಆದಾಯವೇ.
3. ಯುಜಿಸಿ ಮತ್ತು ಸಂಶೋಧನಾ ಯೋಜನೆಗಳ ಹಣ. ಯುಜಿಸಿ ಅನುದಾನಕ್ಕೆ 12ಬಿ ಮಾನ್ಯತೆ ಬೇಕು.

ಹೊಡೆತ ಎಲ್ಲಿ ಬೀಳುತ್ತೆ?

ಮೊದಲು ಅಧ್ಯಾಪಕರ ಮೇಲೆ. ನಿವೃತ್ತರಾದವರ ಹುದ್ದೆ ಖಾಲಿ ಉಳಿಯುತ್ತೆ, ಅತಿಥಿ ಉಪನ್ಯಾಸಕರು ಬರ್ತಾರೆ. ಅವರು ಪಾಠವನ್ನು ಚೆನ್ನಾಗಿಯೇ ಮಾಡಬಹುದು. ಆದರೆ ಯುಜಿಸಿ ನಿಯಮದಂತೆ ಪಿಎಚ್.ಡಿ. ಮಾರ್ಗದರ್ಶಕರು ಕಾಯಂ ಅಧ್ಯಾಪಕರೇ ಆಗಿರಬೇಕು. ಮಾರ್ಗದರ್ಶಕರು ಕಡಿಮೆಯಾದರೆ ಸಂಶೋಧನೆ ಕಡಿಮೆ, ಪ್ರಾಜೆಕ್ಟ್ ಕಡಿಮೆ. ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ನಲ್ಲಿ 100ಕ್ಕೆ 30 ಅಂಕ ಬೋಧನೆ ಮತ್ತು ಸಂಪನ್ಮೂಲಕ್ಕೆ, 30 ಸಂಶೋಧನೆಗೆ. ಎರಡೂ ಇಳಿಯುತ್ತೆ. ನ್ಯಾಕ್ ಗ್ರೇಡ್ ಕೆಳಗಿದ್ದರೆ ಕೇಂದ್ರದ ಯೋಜನೆಗಳ ಹಣ ಸಿಗೋದೂ ಕಷ್ಟ. ನಮ್ಮ ಭಾಷೆಯಲ್ಲಿ ಇದು ಪಾಸಿಟಿವ್ ಫೀಡ್‌ಬ್ಯಾಕ್: ಇಳಿದದ್ದು ಇನ್ನೂ ಇಳಿಯುತ್ತೆ.

ಹಂಚಿದರೆ?

1916ರಲ್ಲಿ ಶುರುವಾದ ಮೈಸೂರು ವಿವಿಯನ್ನು ನೋಡಿ. ಮಂಡ್ಯ, ಹಾಸನ, ಚಾಮರಾಜನಗರದ ಕಾಲೇಜುಗಳು ಹೊಸ ವಿವಿಗಳಿಗೆ ಹೋದವು. ಅವುಗಳ ಶುಲ್ಕವೂ ಹೋಯಿತು. ಪಿಂಚಣಿ ಕೊಡಬೇಕಾದ ನಿವೃತ್ತರು ಮಾತ್ರ ಮೈಸೂರಿನಲ್ಲೇ ಉಳಿದರು. ಇತ್ತ ಹೊಸ ವಿವಿಗಳಿಗೂ ಜಾಗ, ಸಿಬ್ಬಂದಿ, ಹಣ ಸಾಲಲಿಲ್ಲ. 2025ರಲ್ಲಿ ಒಂಬತ್ತು ವಿವಿಗಳನ್ನು ಮುಚ್ಚಬೇಕಾ ಅನ್ನೋ ಚರ್ಚೆ ಸರ್ಕಾರದಲ್ಲೇ ನಡೆಯಿತು. ಒಂದು ಬೋರ್‌ವೆಲ್ ನೀರನ್ನು ನಾಲ್ಕು ತೋಟಕ್ಕೆ ತಿರುಗಿಸಿದ ಹಾಗಾಯಿತು.

ಹಾಗಾದರೆ ದುಡ್ಡೇ ಎಲ್ಲಾನಾ?

ಅಲ್ಲ. ಒಂದೇ ಸಲ ಕೋಟಿ ಕೊಟ್ಟು ಕಟ್ಟಡ ಕಟ್ಟಿದರೆ ಪಾಠ ಮಾಡೋರು ಬರೋದಿಲ್ಲ. ಒಂದು ದಿನ ತೋಟ ಮುಳುಗಿಸಿ ಆರು ತಿಂಗಳು ಒಣಗಿಸಿದರೆ ಮರ ಉಳಿಯುತ್ತಾ? ಪ್ರತಿ ವರ್ಷ ತಪ್ಪದೆ ಬರುವ ಹಣ ಬೇಕು, ಅದು ಮೊದಲು ಕಾಯಂ ಹುದ್ದೆಗೆ ಹೋಗಬೇಕು.

ಇನ್ನು ಮುಂದೆ ಯಾವುದೇ ವಿವಿ ಬಗ್ಗೆ ತಿಳಿಯಬೇಕಾದರೆ ಪಾಸಾದವರ ಶೇಕಡಾವಾರು ಒಂದನ್ನೇ ನೋಡಬೇಡಿ. ಅದರ ವೆಬ್‌ಸೈಟ್‌ನಲ್ಲಿ ನ್ಯಾಕ್ ಸ್ವಯಂ ಅಧ್ಯಯನ ವರದಿ ಹುಡುಕಿ. ಮಂಜೂರಾದ ಹುದ್ದೆ ಎಷ್ಟು, ತುಂಬಿದ್ದು ಎಷ್ಟು ಅಂತ ನೋಡಿ. ಐದು ವರ್ಷ ಆದ್ಮೇಲೆ ಬರುವ ಫಸಲು ಎಂಥದ್ದು ಅನ್ನೋದು ಅಲ್ಲೇ ಕಾಣುತ್ತೆ.